ಸಂದರ್ಮೋಖ್: ಸಾಮೂಹಿಕ ಗೋರಿಯಲ್ಲಿ ಒಬ್ಬೊಬ್ಬರನ್ನೂ ಗುರುತಿಸಿದ ಬಗೆ

ರಷ್ಯದ ಕರೇಲಿಯಾದಲ್ಲಿ, ಮೆದ್ವೆಝ್ಯೆಗೋರ್ಸ್ಕ್ ಪಟ್ಟಣದ ಸಮೀಪದ ಸಂದರ್ಮೋಖ್ ಕಾಡಿನಲ್ಲಿ, 1937 ಮತ್ತು 1938ರಲ್ಲಿ ಗುಂಡಿಟ್ಟು ಕೊಂದ 6,000ಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ. ಸೋವಿಯತ್ ದಮನದ ಸ್ಮಾರಕಗಳ ಅಧ್ಯಯನವನ್ನು ಇಲ್ಲಿಂದ ಆರಂಭಿಸುವುದು ಒಳಿತು. ಏಕೆಂದರೆ ಇಲ್ಲಿ ಸ್ಮರಣೆಯು ಕಲ್ಲು ನೆಡುವುದಕ್ಕೆ ಮೊದಲೇ, ಸತ್ತವರು ಯಾರು, ಎಂದು, ಎಲ್ಲಿ ಎಂಬ ಹುಡುಕಾಟವಾಗಿ ಶುರುವಾಯಿತು.

1937ರ ಜುಲೈ 30ರಂದು ಸೋವಿಯತ್ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥ ನಿಕೊಲಾಯ್ ಯೆಝೋವ್ ಸಹಿ ಮಾಡಿದ 00447ನೇ ಆದೇಶವು ಯಾವ ಪ್ರಾಂತ್ಯದಲ್ಲಿ ಎಷ್ಟು ಮಂದಿಯನ್ನು ಕೊಲ್ಲಬೇಕು, ಎಷ್ಟು ಮಂದಿಯನ್ನು ಶಿಬಿರಕ್ಕೆ ಅಟ್ಟಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸಿತ್ತು. ತ್ರೋಯ್ಕಾ ಎಂಬ ಮೂವರ ಸಮಿತಿಗಳು ಆರೋಪಿಯನ್ನು ಎದುರಿಗೆ ಕರೆಸದೆಯೇ ತೀರ್ಪು ಬರೆಯುತ್ತಿದ್ದವು. ಮನೆಯವರಿಗೆ ಸಿಗುತ್ತಿದ್ದ ಉತ್ತರ, ಪತ್ರ ಬರೆಯುವ ಹಕ್ಕಿಲ್ಲದ ಹತ್ತು ವರ್ಷಗಳ ಶಿಕ್ಷೆ ಎಂಬುದು. 1955ರಲ್ಲಿ ಆ ಪಡೆಯ ಉತ್ತರಾಧಿಕಾರಿಯಾದ ಕೆಜಿಬಿಯು ಸಾವಿನ ಸುಳ್ಳು ದಿನಾಂಕವನ್ನೂ ಸುಳ್ಳು ಕಾರಣವನ್ನೂ ತಿಳಿಸುವಂತೆ ತನ್ನ ಅಧಿಕಾರಿಗಳಿಗೆ ಸೂಚಿಸಿತು. ಕೊಲೆಯ ಮೇಲೆ ಹೇರಿದ ಈ ಎರಡನೆಯ ಅನ್ಯಾಯವನ್ನು ನಾವು ಸಣ್ಣದೆಂದು ಎಣಿಸಬಾರದು.

ಹೀಗಾಗಿ ಸೊಲೊವ್ಕಿ ದ್ವೀಪದ ಸೆರೆಮನೆಯಿಂದ 1937ರಲ್ಲಿ ಸಾಗಿಸಲಾದ ಕೈದಿಗಳು ಏನಾದರೆಂಬುದು ಅವರ ಮಕ್ಕಳಿಗೂ ದಶಕಗಳ ಕಾಲ ತಿಳಿಯಲಿಲ್ಲ. ಸೋವಿಯತ್ ದಮನಕ್ಕೆ ಬಲಿಯಾದವರ ದಾಖಲೆ ಸಂಗ್ರಹಿಸುತ್ತಿದ್ದ ಮೆಮೋರಿಯಲ್ ಸಂಸ್ಥೆಯ ವೆನಿಯಮಿನ್ ಇಯೋಫೆ ಮತ್ತು ಇರೀನಾ ಫ್ಲಿಗೆ ಅವರು, ಮರಣದಂಡನೆ ಜಾರಿ ಮಾಡಿದ ಮಿಖಾಯಿಲ್ ಮತ್ವೆಯೆವ್ ಎಂಬ ಅಧಿಕಾರಿಯ ಕಡತಗಳನ್ನು ಹಿಡಿದು ಜಾಗದ ಸುಳಿವು ಕಂಡುಕೊಂಡರು. ಅವನ ವಿಚಾರಣೆಯ ದಾಖಲೆಯೇ ಅವನು ಮುಚ್ಚಿಟ್ಟ ನೆಲಕ್ಕೆ ದಾರಿ ತೋರಿಸಿತು. 1997ರ ಜುಲೈ 1ರಂದು ಅವರು ಕರೇಲಿಯಾದ ಸಂಶೋಧಕ ಯೂರಿ ದ್ಮಿತ್ರಿಯೆವ್ ಜೊತೆಗೂಡಿ ಕಾಡಿನಲ್ಲಿ ಹುಡುಕಿದಾಗ, ನೆಲ ಕುಸಿದು ಆಯತಾಕಾರವಾಗಿ ಕಾಣುತ್ತಿದ್ದ ತಗ್ಗುಗಳ ಕೆಳಗೆ ಅಸ್ಥಿಗಳು ಸಿಕ್ಕವು. 1937ರ ಅಕ್ಟೋಬರ್ 27ರಿಂದ ನವೆಂಬರ್ 4ರ ನಡುವೆ ಕೊಲ್ಲಲ್ಪಟ್ಟ 1,111 ಸೊಲೊವ್ಕಿ ಕೈದಿಗಳು ಇಲ್ಲಿದ್ದಾರೆ. ಉಕ್ರೇನಿನ ರಂಗನಿರ್ದೇಶಕ ಲೆಸ್ ಕುರ್ಬಾಸ್ ಮತ್ತು ಕವಿ ಮಿಕೋಲಾ ಝೆರೊವ್ ಅವರಲ್ಲಿ ಸೇರಿದ್ದಾರೆ.

ಇಲ್ಲಿ ಒಂದೇ ದೊಡ್ಡ ಸ್ಮಾರಕವಿಲ್ಲ. ಮರಗಳ ನಡುವೆ ಭಾವಚಿತ್ರ ಹೊತ್ತ ಮರದ ಕಂಬಗಳು ನಿಂತಿವೆ. ಉಕ್ರೇನಿಯನ್ನರು, ಪೋಲಿಷರು, ಯೆಹೂದಿಗಳು, ಮುಸ್ಲಿಮರು ತಂತಮ್ಮ ಸಂಕೇತಗಳನ್ನು ಸ್ಥಾಪಿಸಿದ್ದಾರೆ. 00447ನೇ ಆದೇಶದ ಕಾರ್ಯಾಚರಣೆ ಆರಂಭವಾದ ಆಗಸ್ಟ್ 5ನ್ನೇ ಸ್ಮರಣೆಯ ದಿನವಾಗಿ ಆಚರಿಸಲಾಗುತ್ತದೆ.

ಈ ಸ್ಮರಣೆಗೆ ತಡೆ ಬಂದಿರುವುದನ್ನೂ ಗಮನಿಸಬೇಕು. 2016ರಲ್ಲಿ ಬಂಧಿತರಾದ ದ್ಮಿತ್ರಿಯೆವ್ ತಮ್ಮ ಮೇಲಿನ ಆರೋಪಗಳನ್ನು ನಿರಾಕರಿಸಿದರೂ, 2021ರ ಡಿಸೆಂಬರ್‌ನಲ್ಲಿ ಅವರ ಶಿಕ್ಷೆಯನ್ನು 15 ವರ್ಷಕ್ಕೆ ಏರಿಸಲಾಯಿತು. ಮರುದಿನವೇ ರಷ್ಯದ ಸುಪ್ರೀಂ ಕೋರ್ಟ್ ಮೆಮೋರಿಯಲ್ ಸಂಸ್ಥೆಯನ್ನು ಮುಚ್ಚಲು ಆದೇಶಿಸಿತು. ಇಲ್ಲಿರುವವರಲ್ಲಿ ಕೆಲವರು ಎರಡನೇ ಮಹಾಯುದ್ಧದಲ್ಲಿ ಫಿನ್ನಿಷ್ ಸೇನೆ ಕೊಂದ ಸೋವಿಯತ್ ಯುದ್ಧಕೈದಿಗಳೆಂಬ ವಾದವನ್ನು ಮುಂದಿಟ್ಟು, ರಷ್ಯದ ಸೈನಿಕ ಇತಿಹಾಸ ಸಂಘವು 2018ರಿಂದ ಇಲ್ಲಿ ಉತ್ಖನನವನ್ನೂ ನಡೆಸಿದೆ. ಆ ವಾದವನ್ನು ತೂಗುವಾಗ 1937ರ ಮರಣದಂಡನೆಯ ಪಟ್ಟಿಗಳನ್ನೇ, ಹೆಸರು ಹೆಸರಾಗಿ, ಪಕ್ಕದಲ್ಲಿಟ್ಟುಕೊಂಡು ಓದಬೇಕು.