ಗೇಟಿನಾಚೆ ಮಾಲೀಕನ ಅಧಿಕಾರ ಎಷ್ಟು?

ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಿಂದ, ಬೆಳಗಾವಿಯ ಅಂಗಡಿ, ಆಸ್ಪತ್ರೆ, ಶಾಲೆಗಳಿಂದ ಕೆಲಸ ಕಳೆದುಕೊಂಡು ನನ್ನ ಕಚೇರಿಗೆ ಬರುವವರಲ್ಲಿ ಕೆಲವರ ಕೆಲಸದ ಬಗ್ಗೆ ಯಾರಿಗೂ ತಕರಾರಿರುವುದಿಲ್ಲ. ಒಬ್ಬ ಊರಿನ ಜಾತ್ರೆಯಲ್ಲಿ ಹೊಡೆದಾಡಿರುತ್ತಾನೆ. ಇನ್ನೊಬ್ಬ ನವೆಂಬರ್ 1ರಂದು ಮಾಲೀಕನಿಗೆ ಹಿಡಿಸದ ಮೆರವಣಿಗೆಯಲ್ಲಿ ಕಾಣಿಸಿಕೊಂಡಿರುತ್ತಾನೆ. ಮತ್ತೊಬ್ಬಳು ಬೇರೆ ಜಾತಿಯವನನ್ನು ಮದುವೆಯಾಗಿರುತ್ತಾಳೆ. ‘ಸಂಸ್ಥೆಯ ಹೆಸರು ಕೆಡುತ್ತದೆ’ ಎಂಬ ಒಂದೇ ಮಾತಿನಲ್ಲಿ ಅವರ ಅನ್ನ ಹೋಗಿರುತ್ತದೆ. ಇದು ಅನ್ಯಾಯ. ಬಹುತೇಕ ಸಂದರ್ಭಗಳಲ್ಲಿ ಕಾನೂನಿಗೆ ವಿರುದ್ಧವೂ ಹೌದು.

ಮಾಲೀಕರು ಸಂಬಳ ಕೊಟ್ಟು ಪಡೆಯುವುದು ಪಾಳಿಯ ಹೊತ್ತಿನ ದುಡಿಮೆಯನ್ನು. ಉಳಿದ ಹೊತ್ತು ಕಾರ್ಮಿಕನದು. 1983ರಲ್ಲಿ ಗ್ಲಾಕ್ಸೊ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ಇದನ್ನು ಖಡಾಖಂಡಿತವಾಗಿ ಬರೆದರು. ಆ ಕಂಪನಿಯ ಸ್ಥಾಯಿ ಆದೇಶ, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಲಿಖಿತ ನಿಯಮಾವಳಿ, ‘ಕಾರ್ಖಾನೆಯ ಆವರಣದಲ್ಲಿ ಅಥವಾ ಅದರ ಸಮೀಪದಲ್ಲಿ’ ನಡೆದ ದುರ್ನಡತೆಯ ಬಗ್ಗೆ ಮಾತ್ರ ಹೇಳಿತ್ತು. ದೂರದಲ್ಲೆಲ್ಲೋ ನಡೆದದ್ದನ್ನೂ ಅದರೊಳಗೆ ಎಳೆದು ತರಲು ಕಂಪನಿ ಹೊರಟಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಾಲೀಕನು ಊರಿನ ಶಾಂತಿ ಸುವ್ಯವಸ್ಥೆಯ ಕಾವಲುಗಾರನಲ್ಲ, ಕಾರ್ಮಿಕರನ್ನು ತಿದ್ದುವ ಗುರುವೂ ಅಲ್ಲ. ಕೆಲಸದ ಹೊತ್ತು ಮುಗಿದ ಮೇಲೂ, ಎಲ್ಲಿದ್ದರೂ ಅವರ ನಡತೆಯನ್ನು ಆಳುವ ಅಧಿಕಾರ ಕೊಟ್ಟರೆ ನೌಕರಿಯ ಕರಾರು ಗುಲಾಮಗಿರಿಯ ಕರಾರಾದೀತು ಎಂದಿತು. ಅದಕ್ಕೂ ಮೊದಲು, 1963ರ ಅಗ್ನಾನಿ ಪ್ರಕರಣದಲ್ಲಿ, ಹೊರಗಿನ ಕೃತ್ಯಕ್ಕೂ ನೌಕರಿಗೂ ತರ್ಕಬದ್ಧ ಸಂಬಂಧ ಇರಬೇಕು, ಖಾಸಗಿ ಜಗಳಗಳು ಇದರೊಳಗೆ ಬರುವುದಿಲ್ಲ ಎಂದು ಅದೇ ನ್ಯಾಯಾಲಯ ಹೇಳಿತ್ತು.

ಹಾಗಾದರೆ ಸಂಬಂಧ ಯಾವಾಗ ಇರುತ್ತದೆ? ಸಾರಿಗೆ ಸಂಸ್ಥೆಯ ಬಸ್ ಚಾಲಕ ರಜೆಯ ದಿನ ಕುಡಿದು ಸ್ವಂತ ಬೈಕ್ ಓಡಿಸಿ ಲೈಸೆನ್ಸ್ ಕಳೆದುಕೊಂಡರೆ ಅವನನ್ನು ಬಸ್ಸಿನ ಸ್ಟೇರಿಂಗ್ ಮುಂದೆ ಕೂರಿಸುವಂತಿಲ್ಲ. ಪತ್ತಿನ ಸಹಕಾರಿ ಸಂಘದ ಕ್ಯಾಷಿಯರ್ ಮನೆಯಲ್ಲಿ ಚೀಟಿ ನಡೆಸಿ ಜನರ ಹಣ ಮುಳುಗಿಸಿದರೆ ಅವನ ಕೈಗೆ ತಿಜೋರಿಯ ಕೀಲಿ ಕೊಡಲು ಆಡಳಿತ ಮಂಡಳಿ ಹಿಂಜರಿಯುವುದು ಸಹಜ. ರಾತ್ರಿ ಹನ್ನೊಂದಕ್ಕೆ ಸಹೋದ್ಯೋಗಿ ಹೆಣ್ಣುಮಗಳಿಗೆ ಅಸಭ್ಯ ಸಂದೇಶ ಕಳುಹಿಸಿ ‘ಅದು ನನ್ನ ಖಾಸಗಿ ಸಮಯ’ ಎನ್ನುವವನ ಪರವಾಗಿ ನಾನು ವಾದಿಸುವುದಿಲ್ಲ. ಮರುದಿನ ಬೆಳಿಗ್ಗೆ ಅವಳು ಅವನ ಪಕ್ಕದಲ್ಲೇ ನಿಂತು ಕೆಲಸ ಮಾಡಬೇಕಲ್ಲ! ಇಂಥ ಕಡೆ ಕೂಡ ಆ ಸಂಬಂಧವನ್ನು ತೋರಿಸಬೇಕಾದವನು ಮಾಲೀಕನೇ, ಅದೂ ವಿಚಾರಣೆ ನಡೆಸಿ.

ಎಫ್‌ಐಆರ್ ದಾಖಲಾದ ಮಾತ್ರಕ್ಕೆ ತಪ್ಪು ಸಾಬೀತಾಯಿತು ಎಂದು ನಂಬುವ ಆಡಳಿತ ಮಂಡಳಿಗಳು ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಕರಣವನ್ನು ನೆನಪಿಡಬೇಕು. ಭದ್ರತಾ ಅಧಿಕಾರಿ ಪಾಲ್ ಆಂಟನಿ ಅವರ ಮನೆಯ ಮೇಲೆ 1985ರಲ್ಲಿ ಪೊಲೀಸರು ದಾಳಿ ಮಾಡಿದರು. ಚಿನ್ನ ಸಿಕ್ಕಿತು ಎಂಬುದು ಆರೋಪ. ಅಮಾನತಿನ ಅವಧಿಯ ಜೀವನಾಧಾರ ಭತ್ಯೆಯನ್ನೂ ಕೊಡದೆ, ಅವರು ಹಾಜರಾಗದಿದ್ದರೂ ಏಕಪಕ್ಷೀಯ ವಿಚಾರಣೆ ಮುಗಿಸಿ ವಜಾ ಮಾಡಲಾಯಿತು. ಮುಂದೆ ಕ್ರಿಮಿನಲ್ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. 1999ರಲ್ಲಿ ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ರದ್ದುಪಡಿಸಿತು. ನಡುವೆ ಕಳೆದ ಆ ವರ್ಷಗಳನ್ನು ಯಾವ ತೀರ್ಪು ತಾನೇ ಹಿಂದಿರುಗಿಸೀತು?

ಬೆಳಗಾವಿಯಲ್ಲಿ ಅತಿ ಕಠಿಣವಾದದ್ದು ಗಡಿ ಮತ್ತು ಭಾಷೆಯ ವಿಷಯ. ಕಾರ್ಮಿಕನೊಬ್ಬ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಏನೋ ಹಾಕುತ್ತಾನೆ, ಸಂಜೆಯೊಳಗೆ ಅದರ ಸ್ಕ್ರೀನ್‌ಶಾಟ್ ಮಾಲೀಕನ ಮೊಬೈಲಿಗೆ ಬರುತ್ತದೆ, ಜೊತೆಗೆ ಬೆದರಿಕೆ. ಮಾಲೀಕನ ಭಯ ಸುಳ್ಳಲ್ಲ. ಗಾಜು ಒಡೆದರೆ ನಷ್ಟ ಅವನದೇ. ಆದರೆ ಕಲ್ಲೆಸೆಯುವವನನ್ನು ತಡೆಯಬೇಕಾದವರು ಪೊಲೀಸರು. ಅವರ ಬಳಿ ಹೋಗುವ ಬದಲು ದುಡಿಯುವವನನ್ನು ಹೊರಗಟ್ಟಿದರೆ ಗುಂಪಿಗೆ ಒಂದು ದಾರಿ ತೋರಿಸಿಕೊಟ್ಟಂತೆ. ಮುಂದಿನ ಸಲ ಅದು ಇನ್ನೊಬ್ಬನ ಹೆಸರು ಹಿಡಿದು ಬರುತ್ತದೆ. ಸ್ಟೇಟಸ್ ಹಾಕಿದವನು ಕನ್ನಡಿಗನೋ ಮರಾಠಿಗನೋ ಎಂಬುದರಿಂದ ನನ್ನ ಉತ್ತರ ಬದಲಾಗುವುದಿಲ್ಲ. ಸಹೋದ್ಯೋಗಿಗಳನ್ನೇ ಬೈದಿದ್ದರೆ, ಹಿಂಸೆಗೆ ಕರೆ ಕೊಟ್ಟಿದ್ದರೆ ಮಾತ್ರ ಬೇರೆ ಮಾತು.

ಖಾಸಗಿ ಶಾಲೆಯ ಶಿಕ್ಷಕಿಯರ ಪಾಡು ನನ್ನನ್ನು ಹೆಚ್ಚು ಕಾಡುತ್ತದೆ. ಗಂಡನನ್ನು ಬಿಟ್ಟು ಬಂದವಳು, ತಾನೇ ವರನನ್ನು ಆರಿಸಿಕೊಂಡವಳು ಮಕ್ಕಳಿಗೆ ಪಾಠ ಹೇಳಲು ಅಯೋಗ್ಯಳು ಎಂದು ತೀರ್ಮಾನಿಸುವ ಸಮಿತಿಗಳಿವೆ. ಗಂಡಸರಿಗೆ ಇಂಥ ಪ್ರಶ್ನೆ ಬಂದದ್ದನ್ನು ನಾನು ಕಂಡಿಲ್ಲ. ಕಾರ್ಮಿಕ ಕಾಯ್ದೆಯಲ್ಲಿ ಶಿಕ್ಷಕರನ್ನು ‘ಕಾರ್ಮಿಕ’ರೆಂದು ಪರಿಗಣಿಸುವುದಿಲ್ಲ ಎಂದು 1988ರಲ್ಲೇ ತೀರ್ಪಾಗಿದೆ. ಹಾಗೆಂದು ಅವರು ಅನಾಥರಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮಿನ ಪ್ರಕಾರ ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ. 94ನೇ ಕಲಮಿನಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಈ ಮೂರು ತಿಂಗಳನ್ನು ಅತ್ತು, ಹಿರಿಯರಿಂದ ಹೇಳಿಸಿ, ಸಮಿತಿಯ ಅಧ್ಯಕ್ಷರ ಮನೆಗೆ ಅಲೆದು ಕಳೆದುಬಿಡುವವರೇ ಹೆಚ್ಚು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ ಸ್ಥಾಯಿ ಆದೇಶ ಕಡ್ಡಾಯ. ನಲವತ್ತೈವತ್ತು ಜನ ದುಡಿಯುವ ಫೌಂಡ್ರಿಯಲ್ಲಿ ಯಾವುದು ದುರ್ನಡತೆ, ಯಾವುದು ಅಲ್ಲ ಎಂದು ಬರೆದಿಟ್ಟ ಕಾಗದವೇ ಇರುವುದಿಲ್ಲ. ರಕ್ಷಣೆ ಹೆಚ್ಚು ಬೇಕಾದದ್ದು ಅಲ್ಲಿಯೇ. ಕೆಲಸಕ್ಕೆ ಸಂಬಂಧವಿಲ್ಲದ ಹೊರಗಿನ ನಡತೆಗಾಗಿ ಯಾರನ್ನೂ ತೆಗೆಯುವಂತಿಲ್ಲ ಎಂಬ ಒಂದು ಸಾಲು, ಸಂಸ್ಥೆ ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲರಿಗೂ ಅನ್ವಯಿಸುವಂತೆ ಕಾನೂನಿನಲ್ಲಿ ಬರಬೇಕು ಎಂಬುದು ನನ್ನ ಒತ್ತಾಯ.

ಇನ್ನು ನಡೆಯುವ ರೀತಿ. ವಜಾ ಆದೇಶ ಕೊಟ್ಟರೆ ಕೇಸಾಗುತ್ತದೆಂದು ತಿಳಿದ ಮಾಲೀಕರು ಅದನ್ನು ಕೊಡುವುದೇ ಇಲ್ಲ. ಒಳಗೆ ಕರೆದು, ಬಾಗಿಲು ಹಾಕಿ, ಬಿಳಿ ಹಾಳೆಯ ಮೇಲೆ ರಾಜೀನಾಮೆ ಬರೆಸಿಕೊಳ್ಳುತ್ತಾರೆ. ‘ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ಸರ್ಟಿಫಿಕೇಟ್ ಚೆನ್ನಾಗಿ ಕೊಡುತ್ತೇವೆ’ ಎನ್ನುತ್ತಾರೆ. ದಯವಿಟ್ಟು ಆ ಹಾಳೆಗೆ ಸಹಿ ಮಾಡಬೇಡಿ. ಒತ್ತಡದಲ್ಲಿ ಮಾಡಿಬಿಟ್ಟಿದ್ದರೆ ಅದೇ ದಿನ, ತಪ್ಪಿದರೆ ಮರುದಿನ, ರಾಜೀನಾಮೆ ಒತ್ತಾಯದ್ದು ಎಂದು ಬರೆದು ನೋಂದಾಯಿತ ಅಂಚೆಯಲ್ಲಿ ಸಂಸ್ಥೆಗೂ ಕಾರ್ಮಿಕ ಇಲಾಖೆಗೂ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ವಜಾ ಪ್ರಶ್ನಿಸಲು ಕಾರ್ಮಿಕರಿಗೆ ಹಿಂದೆ ಮೂರು ವರ್ಷ ಕಾಲಾವಕಾಶವಿತ್ತು. ಹೊಸ ಸಂಹಿತೆಯಲ್ಲಿ ಅದು ಎರಡೇ ವರ್ಷ.