ಹಿಮ್ಮೇಳದಿಂದ ಹಿನ್ನೆಲೆ ಸಂಗೀತಕ್ಕೆ

2022ರ ನವೆಂಬರ್ ಕೊನೆಯಲ್ಲಿ ‘ಕಾಂತಾರ’ ಒಟಿಟಿಗೆ ಬಂದಾಗ, ಚಿತ್ರಮಂದಿರದಲ್ಲಿ ಅದನ್ನು ಮೊದಲೇ ನೋಡಿದ್ದವರಿಗೆ ಒಂದು ವ್ಯತ್ಯಾಸ ಕೂಡಲೇ ಗೊತ್ತಾಯಿತು. ಕ್ಲೈಮ್ಯಾಕ್ಸ್‌ನ ‘ವರಾಹ ರೂಪಂ’ ಹಾಡಿಗೆ ಬೇರೆ ಧಾಟಿ ಬಂದಿತ್ತು. ತಮ್ಮ ಕೃತಿಯನ್ನು ಹೋಲುತ್ತದೆಂದು ಕೇರಳದ ಸಂಗೀತ ತಂಡವೊಂದು ದೂರಿದ್ದರಿಂದ ಅಲ್ಲಿನ ನ್ಯಾಯಾಲಯ ಮೂಲ ಹಾಡಿನ ಬಳಕೆಗೆ ತಾತ್ಕಾಲಿಕ ತಡೆ ನೀಡಿತ್ತು. ಮುಂದೆ ಹಾಡು ಮರಳಿತು. ಆ ವ್ಯಾಜ್ಯದ ಸರಿತಪ್ಪು ಇಲ್ಲಿನ ವಿಷಯವಲ್ಲ. ಶಶಿರಾಜ್ ಕಾವೂರು ಅವರ ಸಾಹಿತ್ಯ ಅದೇ, ರಿಷಬ್ ಶೆಟ್ಟಿಯವರ ಅಭಿನಯ ಅದೇ, ದೃಶ್ಯಗಳೂ ಅವೇ. ಆದರೂ ಮೈ ಜುಮ್ಮೆನ್ನಲಿಲ್ಲವೆಂದು ಬಹಳ ಜನ ಬೇಸರಪಟ್ಟರು. ಸಿನಿಮಾದಲ್ಲಿ ನಾವು ಕಣ್ಣಿನಿಂದ ಕಂಡೆವೆಂದು ತಿಳಿಯುವ ಭಾವದಲ್ಲಿ ಎಷ್ಟು ಪಾಲು ಕಿವಿಯದ್ದು ಎಂಬುದು ಹೀಗೆ ಊರೆಲ್ಲ ಸೇರಿ ಪರೀಕ್ಷಿಸಿದಷ್ಟು ಸ್ಪಷ್ಟವಾಯಿತು.

ಇದನ್ನೇ ಮನಶ್ಶಾಸ್ತ್ರಜ್ಞರಾದ ಸ್ಯಾಂಡ್ರಾ ಮಾರ್ಷಲ್ ಮತ್ತು ಅನಬೆಲ್ ಕೋಹೆನ್ 1988ರಲ್ಲಿ ಪ್ರಯೋಗದ ಮೂಲಕ ತೋರಿಸಿದ್ದರು. ತ್ರಿಕೋನಗಳೂ ಒಂದು ವೃತ್ತವೂ ಅತ್ತಿತ್ತ ಚಲಿಸುವ ಪುಟ್ಟ ಚಿತ್ರವೊಂದಕ್ಕೆ ಬೇರೆ ಬೇರೆ ಸಂಗೀತವನ್ನು ಜೋಡಿಸಿದಾಗ, ಆ ಆಕೃತಿಗಳ ಸ್ವಭಾವದ ಬಗ್ಗೆ ನೋಡುಗರ ತೀರ್ಮಾನಗಳೇ ಬದಲಾದವು. ಮುಖವೇ ಇಲ್ಲದ ತ್ರಿಕೋನಕ್ಕೆ ಗುಣ ಕೊಡಬಲ್ಲ ಸಂಗೀತವು ನಟನ ಮುಖದ ಮೇಲೆ ಏನು ಮಾಡೀತೆಂದು ಊಹಿಸಬಹುದು.

ಚಿತ್ರಕ್ಕೆ ಮಾತು ಬರುವ ಮೊದಲೇ ಸಂಗೀತ ಇತ್ತು. 1895ರ ಡಿಸೆಂಬರ್‌ನಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಚಿತ್ರಗಳನ್ನು ತೋರಿಸಿದ ಕಾಲದಿಂದಲೇ ಪಿಯಾನೋ ಜೊತೆಗೂಡಿತು. ನಮ್ಮ ದೇಶದ ಮೂಕಿಚಿತ್ರಗಳಿಗೆ ಪರದೆಯ ಬಳಿ ಹಾರ್ಮೋನಿಯಂ, ತಬಲಾ ನುಡಿಸುವವರು ಕೂರುತ್ತಿದ್ದರು. 1934ರ ‘ಸತಿ ಸುಲೋಚನ’ದೊಂದಿಗೆ ಕನ್ನಡ ಚಿತ್ರ ಮಾತನಾಡಿದಾಗ ಅದಕ್ಕೆ ಸಂಗೀತ ಕೊಟ್ಟವರು ರಂಗಭೂಮಿಯಿಂದ ಬಂದಿದ್ದ, ಅದೇ ಚಿತ್ರದಲ್ಲಿ ರಾವಣನ ಪಾತ್ರ ಮಾಡಿದ ಆರ್. ನಾಗೇಂದ್ರರಾಯರು. ಆಗ ಭಾವದ ಭಾರವನ್ನೆಲ್ಲ ಹಾಡೇ ಹೊರುತ್ತಿತ್ತು. ಅತ್ತ ಹಾಲಿವುಡ್‌ನಲ್ಲಿ ಮ್ಯಾಕ್ಸ್ ಸ್ಟೈನರ್ 1933ರ ‘ಕಿಂಗ್ ಕಾಂಗ್’ಗೆ ದೃಶ್ಯದ ಹೆಜ್ಜೆಹೆಜ್ಜೆಗೂ ವಾದ್ಯವೃಂದವನ್ನು ಬರೆದು, ಹಾಡಿಲ್ಲದೆಯೂ ಪ್ರೇಕ್ಷಕರನ್ನು ಹೆದರಿಸಬಹುದೆಂದು ತೋರಿಸಿದ್ದರು.

ಕರಾವಳಿಯ ಪ್ರೇಕ್ಷಕರಿಗೆ ಈ ವಿದ್ಯೆ ಹೊಸದಾಗಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಯಕ್ಷಗಾನದ ಹಿಮ್ಮೇಳವು, ಎಂದರೆ ಹಾಡುವ ಭಾಗವತರು ಮತ್ತು ಚೆಂಡೆ, ಮದ್ದಳೆ ನುಡಿಸುವವರ ತಂಡವು, ಸಿನಿಮಾ ಹುಟ್ಟುವುದಕ್ಕೆ ಬಹಳ ಮೊದಲೇ ಇಲ್ಲಿನ ಕಿವಿಗಳನ್ನು ತಿದ್ದಿಟ್ಟಿತ್ತು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಆಟದಲ್ಲಿ ರಕ್ಕಸನ ಬಣ್ಣದ ವೇಷ ರಂಗಕ್ಕೆ ಬರುವುದನ್ನೇ ಗಮನಿಸಿ: ವೇಷ ಇನ್ನೂ ತೆರೆಯ ಮರೆಯಲ್ಲಿರುತ್ತದೆ, ಕಾಣುವುದು ಕಿರೀಟದ ಅಂಚೋ ತೆರೆ ಹಿಡಿದ ಬೆರಳೋ ಅಷ್ಟೇ, ಚೆಂಡೆಯ ಪೆಟ್ಟು ಏರುತ್ತ ಹೋಗುತ್ತದೆ, ನಡುವೆ ಆರ್ಭಟೆ ಕೇಳುತ್ತದೆ, ಮುಂದಿನ ಸಾಲಿನ ಮಕ್ಕಳು ಅಮ್ಮನ ಮಡಿಲಿಗೆ ಸರಿಯುತ್ತಾರೆ. ರಕ್ಕಸನ ಮುಖ ಕಾಣುವ ಹೊತ್ತಿಗೆ ಭಯ ಆಗಲೇ ಬೇರೂರಿರುತ್ತದೆ. 1975ರ ‘ಜಾಸ್’ನಲ್ಲಿ ಜಾನ್ ವಿಲಿಯಮ್ಸ್ ಎರಡೇ ಸ್ವರಗಳಿಂದ ಶಾರ್ಕ್ ಕಾಣಿಸುವ ಮೊದಲೇ ಜಗತ್ತನ್ನು ನಡುಗಿಸಿದ್ದು ಇದೇ ದಾರಿಯಲ್ಲಿ. ಏನೋ ಬರಲಿದೆ ಎಂಬ ಸೂಚನೆಯನ್ನು ಸಂಗೀತ ಕೊಡುತ್ತದೆ. ಅದನ್ನು ಕಾಯುವ ಕೆಲಸವನ್ನು ನಮ್ಮ ಮೈ ತಾನಾಗಿ ಮಾಡುತ್ತದೆ.

ಹಿಮ್ಮೇಳ ಕಲಿಸಿದ ಇನ್ನೊಂದು ಪಾಠ ಇದಕ್ಕಿಂತ ಸೂಕ್ಷ್ಮವಾದದ್ದು. ಶೋಕದ ಪದ ಬಂದಾಗ ಚೆಂಡೆ ಸುಮ್ಮನಾಗುತ್ತದೆ. ಭಾಗವತರ ಸ್ವರ ಮತ್ತು ಮದ್ದಳೆ ಮಾತ್ರ ಉಳಿಯುತ್ತವೆ, ಕಾಲ ನಿಧಾನಿಸುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಪಾತ್ರಧಾರಿ ಒಂದು ಸಾಲನ್ನು ಇನ್ನಷ್ಟು ಅಭಿನಯಿಸಬಯಸಿದರೆ ಭಾಗವತರು ಅದನ್ನು ಕಂಡು ಆ ಸಾಲನ್ನೇ ಮತ್ತೆ ಎತ್ತಿಕೊಳ್ಳುತ್ತಾರೆ. ಸದ್ದನ್ನು ತಗ್ಗಿಸಿದ್ದರಿಂದಲೇ ದುಃಖಕ್ಕೆ ಅಲ್ಲಿ ಎಡೆ ಸಿಗುತ್ತದೆ.

ಈ ತಿಳಿವಳಿಕೆಯನ್ನು ಕನ್ನಡ ಚಿತ್ರಕ್ಕೆ ತಂದವರಲ್ಲಿ ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರನ್ನು ಮೊದಲು ನೆನೆಯಬೇಕು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ ‘ಚೋಮನ ದುಡಿ’ 1975ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಮಟ್ಟದ ಸ್ವರ್ಣಕಮಲ ಪಡೆಯಿತು. ಅಲ್ಲಿ ಪ್ರೇಕ್ಷಕರನ್ನು ಕಲಕುವ ವಾದ್ಯ ಕಥೆಯ ಒಳಗೇ ಇದೆ. ತುಂಡು ಭೂಮಿಗಾಗಿ ಹಂಬಲಿಸುವ ಚೋಮ ಹೇಳಲಾಗದ್ದನ್ನೆಲ್ಲ ದುಡಿಯ ಮೇಲೆ ಹೇಳುತ್ತಾನೆ. ಕೊನೆಗೆ ಬಾಗಿಲು ಹಾಕಿಕೊಂಡು ಬಾರಿಸುವಾಗ ಆ ಸದ್ದಿಗೆ ಪಿಟೀಲಿನ ಆಸರೆ ಬೇಕಾಗುವುದಿಲ್ಲ. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ದಾರಿಯನ್ನು ನಮ್ಮ ಮುಖ್ಯವಾಹಿನಿಯ ಚಿತ್ರಗಳು ಇನ್ನಷ್ಟು ಹಿಡಿಯಬೇಕಿತ್ತು.

ಸಂಗೀತ ಕೆಲಸ ಮಾಡುವುದರಲ್ಲಿ ನೆನಪಿನ ಪಾಲೂ ದೊಡ್ಡದು. ಹುಲಿವೇಷದ ತಾಸೆವಾದ್ಯ ಕೇಳಿದರೆ ಮಂಗಳೂರಿನವರಿಗೆ ನವರಾತ್ರಿ, ಉಡುಪಿಯವರಿಗೆ ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವ ಮನಸ್ಸಿಗೆ ಬರುತ್ತದೆ. ಆ ಪೆಟ್ಟು ಕೇಳದೆ ಬೆಳೆದವರಿಗೆ ಅದು ಬರಿಯ ತಾಳ. ಈ ನೆನಪನ್ನು ತಿರುಗಿಸಿ ಬಳಸಲೂ ಬರುತ್ತದೆ. ಮಂಗಳೂರಿನಲ್ಲಿ ನಡೆಯುವ, 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಹಿಂಸೆಯ ಜೊತೆ ಕೇಳುವುದು ಮಾದಪ್ಪನ ಮೇಲಿನ ಜನಪದ ಗೀತೆ. ಭಕ್ತಿಗೆ ಒಗ್ಗಿದ ಮನಸ್ಸು ಆ ರಕ್ತವನ್ನು ಎಲ್ಲಿಡಬೇಕೆಂದು ತಿಳಿಯದೆ ತಳಮಳಗೊಳ್ಳುತ್ತದೆ.

ಇಂದಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಸದ್ದು ಗೋಡೆಗಳಿಂದಲೂ ತಲೆಯ ಮೇಲಿಂದಲೂ ಬರುತ್ತದೆ. ದೈವದ ಕಥೆಗಳ ಯಶಸ್ಸಿನ ನಂತರ ದೈವವನ್ನು ಆರಾಧಿಸುವ ಕೋಲದ ದೃಶ್ಯವೆಂದರೆ ಆರಂಭದಿಂದ ಕೊನೆಯವರೆಗೆ ಚೆಂಡೆಯನ್ನು ಏರಿಸಿಯೇ ಇಡಬೇಕೆಂಬ ರೂಢಿ ಬೆಳೆಯುತ್ತಿರುವುದು ನನಗೆ ನೋವಿನ ಸಂಗತಿ. ನಿಜವಾದ ಕೋಲದಲ್ಲಿ ತೆಂಬರೆ ಎಂಬ ಪುಟ್ಟ ಚರ್ಮವಾದ್ಯದೊಂದಿಗೆ ದೈವದ ಕಥೆಯ ಹಾಡಾದ ಪಾಡ್ದನ ಹೇಳುವ ಹೊತ್ತು ಬೇರೆ, ನಾಗಸ್ವರ ಮೊಳಗುವ ಹೊತ್ತು ಬೇರೆ, ವಾದ್ಯ ನಿಂತು ದೈವ ನುಡಿ ಕೊಡುವ ಹೊತ್ತು ಬೇರೆ. ಆ ನುಡಿಯ ಅಡಿಯಲ್ಲೂ ವಾದ್ಯ ತುಂಬಿದರೆ ಜನ ಗದ್ದಲವನ್ನು ಕೇಳಿಸಿಕೊಳ್ಳುತ್ತಾರೆ, ದೈವದ ಕಾಲಿನ ಗಗ್ಗರದ ಸದ್ದನ್ನಲ್ಲ.