ಹಸು ಇಂಜೆಕ್ಷನ್ನಿನ ಕಥೆ ಶುರುವಾಗಿದ್ದು ಅಮೆರಿಕದ ಕೋಳಿಮರಿಯಿಂದ

ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ ಕಡೆ ಸೀಮೆ ಹಸು ಕಟ್ಟಿರೋ ಮನೆಗೆ ಹೋಗಿ ಹತ್ತು ನಿಮಿಷ ಕೂತ್ರೆ ಸಾಕು, ಕೆಚ್ಚಲು ಬಾವಿನ ಮಾತು ಬಂದೇ ಬರುತ್ತೆ. ಮೊದ್ಲೆಲ್ಲಾ ಒಂದು ಇಂಜೆಕ್ಷನ್ನಿಗೆ ಬಾವು ಇಳೀತಿತ್ತು, ಈಗ ಮೂರು ನಾಲ್ಕು ದಿನ ಚುಚ್ಚಿಸಿದ್ರೂ ಜಗ್ಗಲ್ಲ ಅಂತಾರೆ. ಇದಕ್ಕೆ ಪೇಟೆಯವರು ಕೊಡೋ ಕಾರಣ ಒಂದೇ, ರೈತರಿಗೆ ತಿಳುವಳಿಕೆ ಇಲ್ಲ, ಸಿಕ್ಕಿದ ಆಂಟಿಬಯಾಟಿಕ್ ಎಲ್ಲಾ ಹಾಕ್ತಾರೆ ಅಂತ. ಅದರಲ್ಲಿ ಸುಳ್ಳೇನೂ ಇಲ್ಲ, ಆದ್ರೆ ಈ ಅಭ್ಯಾಸ ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ್ದಲ್ಲ, ಬೇರೆ ಕಡೆ ಹುಟ್ಟಿ, ಅಲ್ಲಿ ಬೇಡ ಅನ್ನಿಸಿಕೊಳ್ಳೋ ಹೊತ್ತಿಗೆ ಇಲ್ಲಿಗೆ ಬಂತು.

ನ್ಯೂಯಾರ್ಕಿನ ಹತ್ರ ಲೆಡರ್ಲೆ ಅನ್ನೋ ಔಷಧಿ ಕಂಪನಿ ಇತ್ತು. 1948ರಲ್ಲಿ ಅಲ್ಲಿ ಥಾಮಸ್ ಜೂಕ್ಸ್ ಅನ್ನೋ ವಿಜ್ಞಾನಿ ಕೋಳಿಮರಿಗಳಿಗೆ ಬಿ12 ವಿಟಮಿನ್ ಸಿಗೋ ಅಗ್ಗದ ಆಹಾರ ಹುಡುಕ್ತಾ ಇದ್ರು. ಆರಿಯೋಮೈಸಿನ್ ಅನ್ನೋ ಆಂಟಿಬಯಾಟಿಕ್ ತಯಾರಿಸಿದ ಮೇಲೆ ಉಳಿಯೋ ಗಸಿ ಬಿಸಾಡೋ ವಸ್ತು, ಅದನ್ನೇ ಮರಿಗಳಿಗೆ ಹಾಕಿ ನೋಡಿದ್ರು, ಮರಿಗಳು ನಿರೀಕ್ಷೆ ಮೀರಿ ಬೆಳೆದ್ವು. ಬಿ12 ಒಂದರಿಂದ ಅಷ್ಟು ಬೆಳೆಯೋಕೆ ಸಾಧ್ಯ ಇರ್ಲಿಲ್ಲ, ಗಸಿಯಲ್ಲಿ ಉಳಿದಿದ್ದ ಚೂರು ಔಷಧಿನೂ ಕೆಲಸ ಮಾಡ್ತಿತ್ತು. ಹೆಂಗೆ ಅಂತ ಪೂರ್ತಿ ಅರ್ಥ ಆಗೋ ಮೊದಲೇ 1951ಕ್ಕೆ ಅಮೆರಿಕ ಸರ್ಕಾರ ಮೇವಿಗೆ ಬೆರೆಸೋಕೆ ಪರ್ಮಿಷನ್ ಕೊಡ್ತು. ಕಾಯಿಲೆ ಇಲ್ಲದ ಪ್ರಾಣಿಗೆ ದಿನಾ ಸ್ವಲ್ಪ ಸ್ವಲ್ಪ ಔಷಧಿ ತಿನ್ನಿಸೋದು ಹಿಂಗೆ ಶುರುವಾಯ್ತು. ತಮಾಷೆ ಏನಂದ್ರೆ, ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಕಮ್ಮಿ ಡೋಸ್ ಕೊಟ್ರೆ ಸೂಕ್ಷ್ಮಜೀವಿಗಳು ಔಷಧಿಗೆ ಬಗ್ಗದಂತಾಗ್ತವೆ ಅಂತ ಎಚ್ಚರಿಸಿದ್ರು.

ಎಚ್ಚರಿಕೆ ನಿಜ ಆಗೋಕೆ ತುಂಬಾ ದಿನ ಬೇಕಾಗ್ಲಿಲ್ಲ. ಜಪಾನಿನಲ್ಲಿ 1950ರ ದಶಕದಲ್ಲೇ ಆಮಶಂಕೆ ಬ್ಯಾಕ್ಟೀರಿಯಾ ಒಂದೇ ಸಲಕ್ಕೆ ನಾಲ್ಕು ಔಷಧಿಗೆ ಬಗ್ಗದೆ ನಿಂತಿದ್ದು ಕಾಣಿಸ್ತು. ಹುಡುಕಿದಾಗ ಗೊತ್ತಾಗಿದ್ದು, ಔಷಧಿ ತಡ್ಕೊಳ್ಳೋ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ನೇರವಾಗಿ ದಾಟುತ್ತೆ, ಬೇರೆ ಜಾತಿಯದಾದ್ರೂ ಸರಿ. ಪಕ್ಕದ ಮನೆಯವರು ಒಂದು ಚಮಚ ಹೆಪ್ಪು ಇಸ್ಕೊಂಡು ಹೋದಂಗೆ, ಕೊಟ್ಟವರ ಮನೇಲೂ ಕಮ್ಮಿ ಆಗಲ್ಲ, ತಗೊಂಡವರ ಮನೇಲಿ ಪಾತ್ರೆ ತುಂಬುತ್ತೆ. ಹಂಗಾಗಿ ಕೋಳಿ ಹೊಟ್ಟೆಯಲ್ಲಿ ಆದ ಬದಲಾವಣೆ ಕೋಳಿ ಹೊಟ್ಟೆಯಲ್ಲೇ ಉಳಿಯುತ್ತೆ ಅನ್ನೋ ಧೈರ್ಯಕ್ಕೆ ಅರ್ಥ ಇರ್ಲಿಲ್ಲ. 1969ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿ, ಮನುಷ್ಯರಿಗೆ ಬೇಕಾದ ಔಷಧಿಗಳನ್ನ ಪ್ರಾಣಿ ಬೆಳೆಸೋಕೆ ಬಳಸ್ಬೇಡಿ ಅಂತ ಹೇಳ್ತು. 1976ರಲ್ಲಿ ಸ್ಟುವರ್ಟ್ ಲೆವಿ ಅನ್ನೋ ವಿಜ್ಞಾನಿ ಅಮೆರಿಕದ ಒಂದು ಫಾರ್ಮಿನಲ್ಲಿ ಪರೀಕ್ಷೆ ಮಾಡಿ ತೋರಿಸಿದ್ರು, ಮೇವಿನಲ್ಲಿ ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ತಿಂದಿದ್ದು ಕೋಳಿಗಳು, ಕೆಲವೇ ತಿಂಗಳಲ್ಲಿ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿದ್ದು ಆ ಮನೆಯವರ ಹೊಟ್ಟೆಯಲ್ಲೂ.

ಆಮೇಲೆ ಶ್ರೀಮಂತ ದೇಶಗಳು ಪ್ರಾಣಿ ಬೆಳೆಸೋಕೆ ಆಂಟಿಬಯಾಟಿಕ್ ಹಾಕೋದನ್ನ ಒಂದೊಂದಾಗಿ ನಿಲ್ಲಿಸಿದ್ವು. ಸ್ವೀಡನ್ 1986ರಲ್ಲಿ, ಇಡೀ ಯುರೋಪಿಯನ್ ಒಕ್ಕೂಟ 2006ರಲ್ಲಿ. ಅಮೆರಿಕ ಮಾತ್ರ ಎಳೆದಾಡಿ ಎಳೆದಾಡಿ 2017ಕ್ಕೆ ಬಂತು, ಅಂದ್ರೆ ಅರವತ್ತಕ್ಕೂ ಜಾಸ್ತಿ ವರ್ಷ ಅಗ್ಗದ ಮಾಂಸ ತಿಂದ ಮೇಲೆ. ಇದೇ ಟೈಮಲ್ಲಿ ನಮ್ಮಂಥ ದೇಶಗಳಲ್ಲಿ ಮೊಟ್ಟೆ, ಕೋಳಿ, ಹಾಲಿನ ಬೇಡಿಕೆ ಮೇಲಕ್ಕೇರ್ತಿತ್ತು. 2015ರ ಒಂದು ಅಂದಾಜಿನ ಪ್ರಕಾರ 2010ರಲ್ಲಿ ಇಡೀ ಪ್ರಪಂಚದ ಜಾನುವಾರುಗಳಿಗೆ ಹೋದ ಆಂಟಿಬಯಾಟಿಕ್ ಸುಮಾರು 63,000 ಟನ್, ಅದರಲ್ಲಿ ಚೀನಾ ಮೊದಲು, ಅಮೆರಿಕ ಎರಡನೇದು, ಬ್ರೆಜಿಲ್ ಆದ್ಮೇಲೆ ಭಾರತ. 2030ರ ಹೊತ್ತಿಗೆ ಇದು ಶೇಕಡ 67 ಜಾಸ್ತಿ ಆಗುತ್ತೆ ಅಂತ ಅದೇ ಅಂದಾಜಿನ ಲೆಕ್ಕ.

ನಮ್ ಕಡೆ ಕಾಂಟ್ರಾಕ್ಟ್ ಕೋಳಿ ಸಾಕಾಣಿಕೆ ನೋಡಿ. ಮರಿ, ಫೀಡು, ಮೆಡಿಸಿನ್ ಎಲ್ಲಾ ಕಂಪನಿದು, ಶೆಡ್ಡು, ನೀರು, ಕರೆಂಟು, ಮೈಮುರಿಯೋದು ರೈತಂದು. ಫೀಡಿನ ಮೂಟೆಯಲ್ಲಿ ಏನು ಬೆರೆಸಿದ್ದಾರೆ ಅನ್ನೋದು ಸಾಕೋನಿಗೇ ಎಷ್ಟೋ ಸಲ ಗೊತ್ತಿರಲ್ಲ, ಹಂಗಿರೋವಾಗ ಅವನಿಗೆ ತಿಳುವಳಿಕೆ ಶಿಬಿರ ಮಾಡಿ ಏನು ಪ್ರಯೋಜನ ಅಂತ ನನಗಂತೂ ಅನ್ಸುತ್ತೆ. ಕೋಳಿ ತಿಂದ ಔಷಧಿಯಲ್ಲಿ ಒಂದು ಭಾಗ ಕರಗದೆ ಹಂಗೇ ಹಿಕ್ಕೆಯಲ್ಲಿ ಬರುತ್ತೆ, ಆ ಕೋಳಿ ಗೊಬ್ಬರ ದ್ರಾಕ್ಷಿ ತೋಟಕ್ಕೆ, ಟೊಮೆಟೊಗೆ ಹೋಗುತ್ತೆ.

ಈ ಕಥೆಯಲ್ಲಿ ನನಗೆ ತುಂಬಾ ಹೊಟ್ಟೆ ಉರಿಸೋದು ಕೊಲಿಸ್ಟಿನ್. ಇದು ಹಳೇ ಆಂಟಿಬಯಾಟಿಕ್, ಕಿಡ್ನಿಗೆ ಹೊಡೆತ ಅಂತ ಡಾಕ್ಟ್ರುಗಳು ಪಕ್ಕಕ್ಕಿಟ್ಟಿದ್ರು. ಬೇರೆ ಯಾವ್ದಕ್ಕೂ ಬಗ್ಗದ ಇನ್ಫೆಕ್ಷನ್ ಜಾಸ್ತಿ ಆದಾಗ ಐಸಿಯುಗಳಲ್ಲಿ ಕೊನೇ ಆಸರೆ ಅಂತ ವಾಪಸ್ ತಂದ್ರು. ಆದ್ರೆ ಅಷ್ಟೊತ್ತಿಗೆ ಎಷ್ಟೋ ದೇಶಗಳಲ್ಲಿ ಅದೇ ಔಷಧಿ ಕೋಳಿ ಹಂದಿಗಳ ಮೇವಿಗೆ ಟನ್‌ಗಟ್ಟಲೆ ಹೋಗ್ತಿತ್ತು. 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಹಂದಿ, ಮಾಂಸ, ರೋಗಿಗಳು ಎಲ್ಲರಲ್ಲೂ ಎಂಸಿಆರ್-1 ಅನ್ನೋ ಜೀನ್ ಸಿಕ್ಕಿದೆ ಅಂತ ವರದಿ ಮಾಡಿದ್ರು, ಅದು ಕೊಲಿಸ್ಟಿನ್ನನ್ನ ತಡ್ಕೊಳ್ಳೋ ಗುಣ, ಅದೂ ಒಂದರಿಂದ ಇನ್ನೊಂದಕ್ಕೆ ದಾಟೋ ತರದ್ದು. ಚೀನಾ ಮೇವಿನಲ್ಲಿ ಬಳಸೋದು ನಿಲ್ಲಿಸ್ತು. ಭಾರತ 2019ರ ಜುಲೈನಲ್ಲಿ ಆಹಾರಕ್ಕೆ ಸಾಕೋ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸ್ತು. ಒಳ್ಳೇದೇ, ಆದ್ರೆ ಅದು ಒಂದು ಔಷಧಿ ಅಷ್ಟೇ.

ಹಾಲಿನ ಕಥೆ ಸ್ವಲ್ಪ ಬೇರೆ. ಇಲ್ಲಿ ಬೆಳೆಸೋಕೆ ಅಂತ ಯಾರೂ ಔಷಧಿ ಹಾಕಲ್ಲ, ಕಾಯಿಲೆಗೇ ಹಾಕೋದು. ಮಳೆ ನಂಬೋಕಾಗಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದ ಊರುಗಳಲ್ಲಿ ಬೆಳೆ ಕೈಕೊಟ್ರೂ ಹಾಲಿನ ಬಟವಾಡೆ ಮನೆ ನಡೆಸುತ್ತೆ, ಅದಕ್ಕೇ ಎಚ್‌ಎಫ್ ಅನ್ನೋ ಜಾತಿಯ ಸೀಮೆ ಹಸುಗಳು ಬಂದ್ವು. ಜಾಸ್ತಿ ಹಾಲು ಕರೆಯೋ ಹಸುವಿಗೆ ಕೆಚ್ಚಲು ಬಾವೂ ಜಾಸ್ತಿ, ಕೊಟ್ಟಿಗೆ ನೆಲ ಒದ್ದೆ ಇದ್ರಂತೂ ಕೇಳ್ಲೇಬೇಡಿ. ಸರ್ಕಾರಿ ಡಾಕ್ಟ್ರು ಒಬ್ರಿಗೆ ಎಷ್ಟೋ ಹಳ್ಳಿ, ಬರೋದು ಲೇಟಾಗುತ್ತೆ ಅಂತ ಮೆಡಿಕಲ್ ಶಾಪಿಗೆ ಹೋಗಿ ಹಳೇ ಚೀಟಿ ತೋರಿಸಿ ತಂದು ಹಾಕೋದು, ಹಸು ಚೇತರಿಸಿಕೊಂಡ ತಕ್ಷಣ ನಿಲ್ಲಿಸೋದು. ಮನುಷ್ಯರಿಗೆ ದೊಡ್ಡಾಸ್ಪತ್ರೇಲಿ ಕೊಡೋ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್ ಕೂಡ ಕೆಚ್ಚಲು ಬಾವಿಗೆ ಹೋಗ್ತಿದೆ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಎರಡೂ ವೈರಸ್ಸಿಂದ ಬರೋದು, ಆಂಟಿಬಯಾಟಿಕ್ ವೈರಸ್ಸನ್ನ ಏನೂ ಮಾಡಲ್ಲ, ಆದ್ರೂ ಹುಣ್ಣಿಗೆ ಕೀವು ಆಗ್ದಿರಲಿ ಅಂತ ಹಾಕೋದು ಇದ್ದೇ ಇದೆ.

ಕಾನೂನು ಇಲ್ಲ ಅಂತಲ್ಲ. 2012ರಿಂದ ಪಶು ಔಷಧಿ ಮೇಲೆ, ಕೊನೇ ಡೋಸ್ ಆಗಿ ಎಷ್ಟು ದಿನ ಹಾಲು ಬಳಸಬಾರದು ಅಂತ ಬರೆಯಲೇಬೇಕು, ಆ ಔಷಧಿಗೆ ಅಂತ ಲೆಕ್ಕ ಗೊತ್ತಿಲ್ಲದಿದ್ರೆ ಹಾಲು ಮೊಟ್ಟೆಗೆ ಕಮ್ಮಿ ಅಂದ್ರೂ 7 ದಿನ, ಮಾಂಸಕ್ಕೆ 28 ದಿನ. ಔಷಧಿ ಉಳಿದ ಹಾಲು ಹೆಪ್ಪಾಗೋದೂ ಕಷ್ಟ, ಹೆಪ್ಪಿನ ಬ್ಯಾಕ್ಟೀರಿಯಾನೇ ಸಾಯುತ್ತಲ್ಲ. ಕಾಯಿಸಿದ್ರೂ ಔಷಧಿ ಪೂರ್ತಿ ಹೋಗಲ್ಲ.

ಈಗ ಲೆಕ್ಕ ಹಾಕಿ. ದಿನಕ್ಕೆ 12 ಲೀಟರ್ ಕರೆಯೋ ಹಸು, ಲೀಟರಿಗೆ 35 ರೂಪಾಯಿ ಅಂತಲೇ ಹಿಡಿಯಿರಿ, 7 ದಿನ ಚೆಲ್ಲಿದ್ರೆ 2,940 ರೂಪಾಯಿ. ಹಿಂಡಿ, ಬೂಸಾ ಖರ್ಚು ಆ 7 ದಿನವೂ ನಿಲ್ಲಲ್ಲ. ಡೈರಿಯಲ್ಲಿ ರೇಟು ಕಟ್ಟೋದು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರೋ ಉಳಿದ ಗಟ್ಟಿ ಅಂಶ) ನೋಡಿ, ಔಷಧಿ ಹಾಕಿದ ಹಸುವಿನ ಹಾಲು ತರದೆ ಇದ್ದೋರಿಗೆ ಒಂದು ರೂಪಾಯಿನೂ ಸಿಗಲ್ಲ. ಹಂಗಿರೋವಾಗ ಎಲ್ಲಾ ರೈತನ ಮನಸ್ಸಾಕ್ಷಿಗೆ ಬಿಟ್ಟಿದ್ದೇವೆ ಅಂತ ಕೈತೊಳ್ಕೊಳ್ಳೋದು ನ್ಯಾಯ ಅಲ್ಲ. ಡಾಕ್ಟ್ರು ಚೀಟಿ ತೋರಿಸಿದವರಿಗೆ ಆ 7 ದಿನದ ಹಾಲಿನ ದುಡ್ಡಲ್ಲಿ ಅರ್ಧನಾದ್ರೂ ಸಂಘವೋ ಒಕ್ಕೂಟವೋ ಕೊಟ್ರೆ, ಹಾಲು ಕರೆದ ಮೇಲೆ ಮೊಲೆ ಅದ್ದೋ ಅಯೋಡಿನ್ ದ್ರಾವಣ ಡೈರಿಯಲ್ಲೇ ಕಮ್ಮಿ ರೇಟಿಗೆ ಸಿಕ್ರೆ, ಇಂಜೆಕ್ಷನ್ ತಾನಾಗೇ ಕಮ್ಮಿ ಆಗುತ್ತೆ, ರೈತನೂ ಹಾಲನ್ನ ಚೆಲ್ಲೋಕೆ ಒಪ್ಕೊಳ್ತಾನೆ.